ಸಾವಂತ್ರವ್ವನ ಹೆಬ್ಬೆಟ್ಟು

ಸಾವಂತ್ರವ್ವನಿಗೆ ಸಹಿ ಮಾಡಲು ಬರುತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

ಮಗಳು ಲಕ್ಷ್ಮೀ ಎರಡನೇ ಇಯತ್ತೆಯಲ್ಲಿದ್ದಾಗ ಅವಳ ಪಾಠದ ಪುಸ್ತಕ ಹಿಡಿದು ಒಲೆಯ ಮುಂದೆ ಕೂತು ಅಕ್ಷರ ಕಲಿತಿದ್ದಳು. ಮಗಳು ಮದುವೆಯಾಗಿ ಹೋದಳು, ಅಕ್ಷರ ತಾಯಿಯ ಹತ್ತಿರ ಉಳಿದವು. ಓದುವುದು ನಿಧಾನ. ಆದರೆ ಒಂದಕ್ಷರ ಹಾರಿಸುತ್ತಿರಲಿಲ್ಲ. ಓದು ಬಂದವರು ಹಾರಿಸಿಬಿಡುವುದನ್ನೂ ಅವಳು ಓದುತ್ತಿದ್ದಳು.

ಬೆಳಗಾವಿಯ ಜೀವಸಂಪದ ಅಧ್ಯಯನ ಕೇಂದ್ರದಲ್ಲಿ ಕೂಲಿಗೆ ಸೇರಿದ ದಿನ ಹಾಜರಿ ಪುಸ್ತಕ ಮುಂದೆ ಬಂತು. ಅವಳು ಪೆನ್ನಿಗೆ ಕೈ ಚಾಚಿದಳು. ವಿನಯ ಎಂಬ ಸಂಶೋಧಕ ಆ ಕೈಯನ್ನೇ ಹಿಡಿದು ಶಾಯಿಯ ಡಬ್ಬಿಗೆ ಒತ್ತಿದ.

"ನನಗ ಸಹಿ ಬರ್ತೈತ್ರಿ."

"ಇರಲಿ ಬಿಡು, ಮೌಶಿ. ನಿಮ್ಮ ಮಂದೀದೆಲ್ಲಾ ಹೆಬ್ಬೆಟ್ಟ ಐತಿ. ಒಬ್ಬಾಕೀದು ಸಹಿ ಇದ್ರ ಆಡಿಟ್‌ನವರು ಯಾಕಂತ ಕೇಳ್ತಾರ."

ಆಡಿಟ್‌ನವರಿಗೆ ತೊಂದರೆ ಆಗಬಾರದೆಂದು ಅವಳು ನಾಲ್ಕು ಮಳೆಗಾಲ ಹೆಬ್ಬೆಟ್ಟು ಒತ್ತಿದಳು.

ಕೆಲಸ ಇಷ್ಟು. ಖಾನಾಪುರದಿಂದ ಅವಳ ಊರಾದ ಬೀಡಿಗೆ ಬರುವ ದಾರಿಯಲ್ಲಿ ಒಂದು ಗರಸುಕಲ್ಲಿನ ಬಯಲಿದೆ. ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಕಬ್ಬಿಣದ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಆ ಬಯಲಿಗೆ ಹೋಗಬೇಕು. ವಿನಯ ತೋರಿಸಿದಲ್ಲಿ ಇಳಿಸಬೇಕು. ಬಗ್ಗಿ ಅದರೊಳಗಿನ ಒಂದೊಂದು ಗಿಡ, ಒಂದೊಂದು ಹುಲ್ಲು ಎಣಿಸಬೇಕು. ಎತ್ತಬೇಕು. ಹತ್ತು ಹೆಜ್ಜೆ ಮುಂದೆ ಇಳಿಸಬೇಕು. ಮತ್ತೆ ಬಗ್ಗಬೇಕು. ಮಳೆ ಬಂದರೆ ಕಬ್ಬಿಣದ ತುಕ್ಕು ಹಣೆಯ ಮೇಲೆ ಇಳಿಯುತ್ತಿತ್ತು. ಗರಸು ಅಂಗಾಲು ಕೊರೆಯುತ್ತಿತ್ತು. ಸಂಜೆ ಸೊಂಟ ನೆಟ್ಟಗಾಗಲು ಒಪ್ಪುತ್ತಿರಲಿಲ್ಲ. ವಿನಯ ಛತ್ರಿಯ ಕೆಳಗೆ ನಿಂತು ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಛತ್ರಿ ಒಂದೇ ಇತ್ತು. ಕಾಗದ ತೊಯ್ಯಬಾರದಲ್ಲ.

ಮೂರನೇ ವರ್ಷ ಅವಳ ಗಂಡ ಮೈಲಾರಲಿಂಗ ಕುರಿಹಿಂಡು ಹೊಡೆದುಕೊಂಡು ಅದೇ ಬಯಲಿಗೆ ಬಂದ. ಕರಿಮೂತಿಯ ಕುರಿಯೊಂದು ಚೌಕಟ್ಟಿನ ಬದಿಯಲ್ಲಿ ಬಾಯಿ ಹಾಕಿತು. ಮೂಸಿತು. ಸೀನಿತು. ಮುಂದೆ ಹೋಯಿತು.

ಕುರಿ ಕಾಯುವ ಮನೆಯಲ್ಲಿ ಹುಟ್ಟಿದವರು ಕುರಿ ತಿಂದದ್ದನ್ನು ಅಷ್ಟಾಗಿ ನೋಡುವುದಿಲ್ಲ. ಬಿಟ್ಟದ್ದನ್ನು ನೋಡುತ್ತಾರೆ. ಅಲ್ಲಿ ವಿಷ ಇರಬಹುದು, ಮದ್ದೂ ಇರಬಹುದು. ಸಾವಂತ್ರವ್ವ ಬಗ್ಗಿದಳು. ಬೆರಳುದ್ದದ ಗಿಡ. ಎಲೆ ಎರಡೇ. ಅಕ್ಕಿಕಾಳಿನಷ್ಟು ಬಿಳಿ ಹೂವು. ಮೂವತ್ತು ವರ್ಷ ಈ ಬಯಲು ತುಳಿದವಳು ಅದನ್ನು ನೋಡಿರಲಿಲ್ಲ.

"ಸರ್, ಇಲ್ಲೊಂದು ಬ್ಯಾರೇನ ಐತ್ರಿ."

"ಹುಲ್ಲಂತ ಬರಕೋತೀನಿ, ನಡಿ," ಎಂದ ವಿನಯ ಫೋನಿನಿಂದ ಕಣ್ಣೆತ್ತದೆ.

"ಹುಲ್ಲಲ್ರಿ. ಕುರಿ ಬಿಟ್ಟೈತಿ."

ಅವಳು ಚೌಕಟ್ಟು ಎತ್ತಲಿಲ್ಲ. ಎತ್ತದಿದ್ದರೆ ವಿನಯನೇ ಎತ್ತಬೇಕಾಗುತ್ತಿತ್ತು. ಆದ್ದರಿಂದ ಅವನು ಬಂದು ನೋಡಿದ. ನೋಡಿದವನು ಛತ್ರಿ ಕೆಳಗೆ ಬಿಟ್ಟ.

ಮರುದಿನ ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಶಶಿಧರ ಅವರೇ ಜೀಪಿನಲ್ಲಿ ಬಂದರು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಹೊಟ್ಟೆಯ ಮೇಲೆ ಮಲಗಿ ಗಿಡದ ಫೋಟೊ ತೆಗೆದರು. ಅಳತೆಪಟ್ಟಿ ಮರೆತು ಬಂದಿದ್ದರು.

"ಏ ಸಾವಂತ್ರಿ, ಬಾಜೂಕ ಬೆರಳ ಹಿಡಿ. ಕೈ ಪೂರಾ ಬ್ಯಾಡ. ಬೆರಳಷ್ಟ."

ಹಿಡಿದಳು. ಈ ಸೀಮೆಯಲ್ಲಿ ಯಾರೂ ದಾಖಲಿಸದ ಗಿಡವೆಂದು ಆರು ತಿಂಗಳ ಮೇಲೆ ಗೊತ್ತಾಯಿತು. ಬೆಳಗಾವಿಯಲ್ಲಿ ಸಭೆ ಇಟ್ಟರು. ಗಿಡದ ಕುಂಡಗಳನ್ನು ಮೂರು ಮಹಡಿ ಹೊತ್ತು ಹತ್ತಿಸಿದವಳು ಸಾವಂತ್ರವ್ವ. ಹತ್ತಿಸಿದ ಮೇಲೆ ಅವಳಿಗೆ ಹೊರಗೆ, ಚಪ್ಪಲಿಗಳ ಹತ್ತಿರ, ಕೂರಲು ಹೇಳಿದರು. ಒಳಗೆ ಶಶಿಧರ ಸಾಹೇಬರು ಕಾಯಕದ ಹಿರಿಮೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದಾಗ ಚಪ್ಪಾಳೆ ಬಿತ್ತು. ಕದದ ಸಂದಿಯಿಂದ ಪರದೆ ಕಾಣುತ್ತಿತ್ತು. ಆಳೆತ್ತರದ ಗಿಡ, ಅದರ ಪಕ್ಕ ಕಂಬದ ಹಾಗೆ ಒಂದು ಬೆರಳು. ಕೆಳಗೆ ಬರೆದಿತ್ತು: ಅಳತೆಗೆ, ಮನುಷ್ಯರ ಬೆರಳು.

ತಂಬಾಕು ಹಾಕಿಕೊಳ್ಳಲು ಹೊರಗೆ ಬಂದವನೊಬ್ಬ ಅವಳ ಕೈ ನೋಡಿದ, ಪರದೆ ನೋಡಿದ, ಮತ್ತೆ ಕೈ ನೋಡಿದ.

"ಉಗುರು ಸೀಳೇದ. ಒಳಗಿನ ಬೆರಳ ನಿಮ್ದ ಅಲ್ಲೇನ್ರಿ ಅಕ್ಕಾರ?"

"ನಂದ."

"ಬೆರಳ ಒಳಗ ಕುಂತೈತಿ, ನೀವು ಹೊರಗ."

ಸಾವಂತ್ರವ್ವ ನಕ್ಕಳು. ಅವನು ಬಾಳಪ್ಪ. ಬೆಳಗಾವಿ ಹತ್ತಿರದ ಮಚ್ಛೆ ಎಂಬ ಊರಲ್ಲಿ ಸಣ್ಣ ಲೇಥ್ ವರ್ಕ್‌ಶಾಪ್ ನಡೆಸುವವನು. ಕೇಂದ್ರದ ಕಂಪ್ಯೂಟರ್ ಒಂದನ್ನು ತನ್ನ ಆಫೀಸಿನಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದರಿಂದ ಅವನಿಗೆ ಆಮಂತ್ರಣ ಬಂದಿತ್ತು. ಇಬ್ಬರೂ ಫೋನ್ ನಂಬರ್ ಬರೆದುಕೊಂಡರು. ಊಟಕ್ಕೆ ಅವಳನ್ನು ಕರೆದಾಗ ಪಾಯಸ ಮುಗಿದಿತ್ತು, ಅನ್ನದ ತಳ ಉಳಿದಿತ್ತು.

ಕಂಪ್ಯೂಟರಿನ ವಿಷಯ ಹೀಗೆ. ಜೀವಸಂಪತ್ತಿನ ಮಾಹಿತಿ ಒಬ್ಬರ ಕಪಾಟಿನಲ್ಲಿ ಇರಬಾರದು, ಹಲವು ಊರಿನ ಹಲವು ಯಂತ್ರಗಳು ಅದನ್ನು ಹಂಚಿಕೊಂಡು ಕಾಯಬೇಕು ಎನ್ನುವ ಒಂದು ಜಾಲವಿತ್ತು. ಹೊರದೇಶದವರೂ ಸೇರಿ ನಲವತ್ತು ಊರು. ಅದಕ್ಕೆ ಸೇರಬೇಕಾದರೆ ಕೇಂದ್ರದವರು ಮೂರು ಕಡೆ ಯಂತ್ರ ಇಡಬೇಕು, ಒಂದಾದರೂ ಹಳ್ಳಿಯಲ್ಲಿರಬೇಕು. ಅರ್ಜಿಯಲ್ಲಿ "ಸಮುದಾಯದ ಸಹಭಾಗಿತ್ವ" ಎಂಬ ಮಾತು ಒಂಬತ್ತು ಸಲ ಬಂದಿತ್ತು. ಹೀಗಾಗಿ ಒಂದು ಯಂತ್ರ ಬೆಳಗಾವಿಯ ಕಚೇರಿಯಲ್ಲಿ, ಒಂದು ಮಚ್ಛೆಯಲ್ಲಿ, ಒಂದು ಬೀಡಿಯ ಹಾಲಿನ ಡೇರಿಯ ಹಿಂದಿನ ಖೋಲಿಯಲ್ಲಿ ಕೂತಿತು. ಡೇರಿಯಲ್ಲಿ ಇನ್ವರ್ಟರ್ ಇತ್ತು.

ಪ್ರತಿ ಯಂತ್ರಕ್ಕೂ ಒಬ್ಬ ಪಾಲಕ ಬೇಕು. ಪಾಲಕರು ಬೆರಳೊತ್ತಿ ಒಪ್ಪಿಗೆ ಕೊಡಬೇಕು. ಬೀಡಿಗೆ ವಿನಯ ಪಾಲಕ ಎಂದು ತೀರ್ಮಾನವಾಗಿತ್ತು. ಒಂದು ಹೆಬ್ಬೆಟ್ಟಿಗಾಗಿ ಅಷ್ಟು ದೂರ ಬೈಕ್ ಓಡಿಸುವುದು ಅವನಿಗೆ ಬೇಡವಾಗಿತ್ತು. ಖೋಲಿ ಗುಡಿಸುವ ಸಾವಂತ್ರವ್ವ ಹೇಗೂ ಅಲ್ಲೇ ಇರುತ್ತಾಳೆ. ಅವಳ ಹೆಬ್ಬೆಟ್ಟನ್ನೇ ನೋಂದಾಯಿಸಿಬಿಟ್ಟ.

"ರೇಶನ್ ಅಂಗಡ್ಯಾಗ ಒತ್ತತೀಯಲ್ಲ, ಹಂಗ. ಹಸರ ದೀಪ ಮಿಣುಕಿದ್ರ ಒತ್ತೂದು. ಪರದೀ ಮ್ಯಾಲೆ ಹೊಚ್ಚಿದ ಅರಬಿ ತಗೀಬ್ಯಾಡ, ಧೂಳ ಕುಂದರ್ತದ."

ರೇಶನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಸುಲಭಕ್ಕೆ ನಂಬುತ್ತಿರಲಿಲ್ಲ. ಕಬ್ಬಿಣ, ಕಲ್ಲು, ಕಸಬರಿಗೆ ಹಿಡಿದು ಗೆರೆಗಳು ಸವೆದಿದ್ದವು. ಎಣ್ಣೆ ಹಚ್ಚಿ, ಸೆರಗಿಗೆ ಒರೆಸಿ ಮೂರು ಸಲ ಒತ್ತಬೇಕಿತ್ತು. ಈ ಹೊಸ ಯಂತ್ರ ಒಂದೇ ಸಲಕ್ಕೆ ಹಿಡಿಯಿತು. ಇದು ತನ್ನನ್ನು ಗುರುತು ಹಿಡಿಯುತ್ತದೆ ಎಂದು ಅವಳಿಗೆ ಅದರ ಮೇಲೆ ಸ್ವಲ್ಪ ಪ್ರೀತಿ. ಎರಡು ತಿಂಗಳು ದೀಪ ಮಿಣುಕಿದಾಗಲೆಲ್ಲ ಒತ್ತಿದಳು.

ಒಂದು ಮಂಗಳವಾರ ಬೆಳಗ್ಗೆ, ಜಾಲ ಕಟ್ಟಿದ ಎಂಜಿನಿಯರ್ ಅನುರಾಧಾ ಯಂತ್ರ ತಪಾಸಣೆಗೆಂದು ಬೀಡಿಗೆ ಬಂದಳು. ಅವತ್ತು ಸಂಜೆ ನಾಲ್ಕಕ್ಕೆ ಹೊಸ ಗಿಡದ ದಾಖಲೆ ನಲವತ್ತು ಊರಿಗೆ ಹೋಗುವುದಿತ್ತು.

"ಇಲ್ಲಿ ಪಾಲಕರು ಯಾರ್ರಿ?"

"ಗೊತ್ತಿಲ್ರಿ ಬಾಯಾರ. ಹೆಬ್ಬೆಟ್ಟ ನಾ ಒತ್ತತೇನಿ."

ಅನುರಾಧಾ ತನ್ನ ಹಾಳೆ ನೋಡಿದಳು. ಮತ್ತೆ ಅವಳನ್ನು ನೋಡಿದಳು. "ಹಂಗಾದ್ರ ಪಾಲಕರು ನೀವ. ಮತ್ತ ಈ ಅರಬಿ ಯಾಕ ಮುಚ್ಚೀರಿ? ಓದೂದು ಹೆಂಗ?"

"ಓದೂದದ ಏನ್ರಿ?"

ಅನುರಾಧಾ ಹಾಲಿನ ಕ್ಯಾನಿನ ಮೇಲೆ ಕೂತಳು. "ನೋಡ್ರಿ ಅಕ್ಕಾರ. ಮೂರು ಯಂತ್ರದಾಗ ದೊಡ್ಡದು ಸಣ್ಣದು ಅಂತಿಲ್ಲ. ಮೂರರಾಗೂ ಅದ ಮಾಹಿತಿ ಇರ್ತದ. ಒಂದು ಕೆಟ್ರ ಉಳದ ಎರಡರಾಗ ಸಿಗ್ತದ. ಹೊಸಾದು ಬಂದ್ರ ಮೂರೂ ಮಂದಿ ಪಾಲಕರು ಓದಬೇಕು. ಖರೇ ಅದ ಅನಿಸಿದ್ರ ಒತ್ತಬೇಕು. ಆಮ್ಯಾಲ ಅದು ನಲವತ್ತು ಊರಿಗೆ ಹೋಗ್ತದ. ಹೋದದ್ದು ಅಳಸಾಕ ಬರೂದಿಲ್ಲ."

"ತಪ್ಪಿದ್ರ?"

"ನಲವತ್ತು ಕಡೆ ತಪ್ಪ ಇರ್ತದ. ಕೆಳಗ ತಿದ್ದುಪಡಿ ಹಾಕಬಹುದು. ಆದ್ರ ಕೆಳಗಿಂದು ಯಾರ ಓದ್ತಾರ್ರಿ?"

ಸಾವಂತ್ರವ್ವ ಬಟ್ಟೆ ಸರಿಸಿದಳು. ಪರದೆ ಕನ್ನಡದಲ್ಲಿತ್ತು. ಹಸಿರು ದೀಪ ಮಿಣುಕುತ್ತಿತ್ತು. ಅವಳು ಒಂದೊಂದೇ ಅಕ್ಷರ ಹಿಡಿದು ಗಟ್ಟಿಯಾಗಿ ಓದಿದಳು.

"ಕಂಡ-ವರು. ಡಾಕ್ಟರ್ ಶಶಿಧರ. ಬರೆದು-ಕೊಂಡವರು. ವಿನಯ. ನೆರವು." ನಿಂತಳು. ಮುಂದಿನ ಸಾಲನ್ನು ಎರಡು ಸಲ ಓದಿದಳು. "ಕೂಲಿ ಹೆಣ್ಣಾಳು, ಒಂದು."

ಹೊರಗೆ ಹಾಲು ಹಾಕಲು ಬಂದವರು ಒಳಗೆ ಇಣುಕಿದರು. ಕ್ಯಾನ್ ಹೊತ್ತು ತಂದಿದ್ದ ಮೈಲಾರಲಿಂಗ ಬಾಗಿಲಲ್ಲೇ ನಿಂತ.

"ಬಾಯಾರ, ಈ ಹೆಣ್ಣಾಳು ಒಂದು ಅಂದ್ರ ಯಾರ್ರಿ?"

ಅನುರಾಧಾ ಅವಳ ಕಡೆಗೇ ಬೆರಳು ತೋರಿಸಿದಳು.

"ಹಿಂದಿನವು ಎಷ್ಟದಾವು?"

"ಇನ್ನೂರಾ ಹನ್ನೊಂದು. ಎಲ್ಲಾ ಹಿಂಗ."

ಸಾವಂತ್ರವ್ವ ಹೆಬ್ಬೆಟ್ಟು ನೋಡಿಕೊಂಡಳು. ಇನ್ನೂರಾ ಹನ್ನೊಂದು ಸಲ ತಾನು ಇಲ್ಲವೆಂದು ತಾನೇ ಒತ್ತಿದ್ದಳು. ಕೈ ಹಿಂದೆ ಕಟ್ಟಿದಳು.

"ಇದನ್ನ ಒತ್ತಂಗಿಲ್ಲ."

"ಒತ್ತಬ್ಯಾಡ್ರಿ," ಎಂದಳು ಅನುರಾಧಾ. ಮುಖದಲ್ಲಿ ನಗು ತಡೆದುಕೊಳ್ಳುವುದು ಕಷ್ಟವಾಗಿತ್ತು. "ನಿಮ್ಮ ಕೆಲಸನ ಅದು."

ಸುದ್ದಿ ಬೆಳಗಾವಿಗೆ ಹೋಯಿತು. ಮೊದಲು ವಿನಯನ ಫೋನ್ ಬಂತು.

"ಮೌಶಿ, ಏನ್ ಹಚ್ಚೀದಿ? ಒತ್ತು. ಸಾಹೇಬ್ರು ಸಿಟ್ಟಿಗೆದ್ದಾರ."

"ನೀ ಹುಲ್ಲಂತ ಬರೀತೀನಿ ಅಂದಿದ್ದಿ. ಹುಲ್ಲಂತ ಬರದಿದ್ರ ಒತ್ತತಿದ್ದೆ. ಈಗ ಗಿಡ ಆಗೇತಿ."

ಹನ್ನೆರಡಕ್ಕೆ ಜೀಪು ಬಂತು. ಶಶಿಧರ ಸಾಹೇಬರು ಕೈಯಲ್ಲಿ ಅರ್ಧ ಕಿಲೋ ಕುಂದಾದ ಡಬ್ಬಿ ಹಿಡಿದು ಇಳಿದರು. ಹಿಂದೆ ವಿನಯ. ನಾಲ್ಕು ವರ್ಷದಲ್ಲಿ ಸಾಹೇಬರು ಅವಳಿಗೆ ಏನಾದರೂ ತಂದದ್ದು ಇದೇ ಮೊದಲು. ಸಾವಂತ್ರವ್ವ ಡಬ್ಬಿ ತೆಗೆದುಕೊಂಡು, ನೆರೆದ ಮಂದಿಗೆಲ್ಲ ಹಂಚಿದಳು. ಸಾಹೇಬರಿಗೂ ಒಂದು ಚೂರು ಕೊಟ್ಟಳು.

"ಕುಂದರ್ರಿ ಸಾಹೇಬ್ರ."

ಕೂರಲು ಹಾಲಿನ ಕ್ಯಾನ್ ಬಿಟ್ಟರೆ ಬೇರೇನೂ ಇರಲಿಲ್ಲ. ಸಾಹೇಬರು ನಿಂತೇ ಮಾತಾಡಿದರು.

"ನೋಡವಾ, ವಿಜ್ಞಾನದಾಗ ಒಂದು ಪದ್ಧತಿ ಇರ್ತದ. ಕಂಡವರು ಅಂದ್ರ ಬರೇ ಕಣ್ಣಿಲೆ ಕಂಡವರಲ್ಲ. ಇದು ಇಂಥಾದ್ದು ಅಂತ ಗುರುತ ಹಿಡದವರು."

"ಹಂಗಾರ ಗುರುತ ಹಿಡದವರು ಅಂತ ಇನ್ನೊಂದು ಖಾನೆ ಹಾಕಿ ನಿಮ್ಮ ಹೆಸರ ಬರಕೋರಿ. ಬ್ಯಾಡಂದೆನ? ಕಂಡವರು ಅನ್ನೂ ಖಾನೇದಾಗ ಕಂಡಾಕೀದು ಬರೀರಿ."

ಹಾಲಿನವರಲ್ಲಿ ಯಾರೋ ಹೌದಲ್ಲ ಎಂದರು.

"ಪುಸ್ತಕದ ಕೊನೇಕ ಧನ್ಯವಾದ ಹೇಳೂದಿರ್ತದ. ಅಲ್ಲಿ ಹಾಕಸ್ತೀನಿ."

"ಕೊನೇಕ ಕುಂತು ಉಂಡು ಸಾಕಾಗೇತ್ರಿ."

ಸಾಹೇಬರ ದನಿ ಬದಲಾಯಿತು. "ನಾಳಿಂದ ಕೆಲಸಕ್ಕ ಬರಬ್ಯಾಡ."

ಇದು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಮೈಲಾರಲಿಂಗನ ಕಡೆ ನೋಡಿದಳು. ಅವನು ಬೆರಳಿಗಂಟಿದ ಕುಂದಾ ನೆಕ್ಕುತ್ತಿದ್ದ.

"ಏನ್ ನೋಡ್ತಿ ನನ್ನ?" ಎಂದ ಅವನು. "ಚೌಕಟ್ಟ ಹೊರೂದು ಬಿಟ್ರ ಕುರಿ ಕಾಯಾಕ ಬಾ. ಕುರಿಗೋಳು ಯಾರನೂ ಹೆಣ್ಣಾಳು ಒಂದು ಅನ್ನೂದಿಲ್ಲ."

ಅವಳಿಗೆ ನಗು ಬಂತು.

"ಆತ್ರಿ ಸಾಹೇಬ್ರ. ನಾಳಿಂದ ಬರಂಗಿಲ್ಲ. ಆದ್ರ ಹೆಬ್ಬೆಟ್ಟ ನನ್ನ ಸಂಗತೀನ ಬರ್ತೈತಿ."

ಸಾಹೇಬರು ಅನುರಾಧಾಳ ಕಡೆ ತಿರುಗಿದರು. "ಈಕೀನ ತಗದು ವಿನಯನ್ನ ಹಾಕ್ರಿ."

"ಹಾಕಬಹುದು ಸರ್. ಪಾಲಕರನ್ನ ಬದಲ್ ಮಾಡಾಕ ಮೂರೂ ಪಾಲಕರ ಒಪ್ಪಿಗೆ ಬೇಕು."

"ಅಂದ್ರ?"

"ಇವರನ್ನ ತಗಿಯಾಕ ಇವರ ಹೆಬ್ಬೆಟ್ಟ ಬೇಕು."

ಡೇರಿ ಗೊಳ್ಳೆಂದಿತು. ಒಬ್ಬ ಮುದುಕನಿಗೆ ಅರ್ಥವಾಗದೆ ಪಕ್ಕದವನನ್ನು ಕೇಳಿ, ಅರ್ಥವಾದ ಮೇಲೆ ಒಬ್ಬನೇ ಇನ್ನೊಮ್ಮೆ ನಕ್ಕ.

"ಇಂಥಾ ನಿಯಮ ಯಾರ ಮಾಡಿದ್ರು?"

"ಮಾಹಿತಿ ಒಬ್ಬರ ಸ್ವತ್ತಾಗಬಾರದು ಅಂತ ಅರ್ಜೀಯೊಳಗ ನೀವ ಬರದಿದ್ರಿ, ಸರ್. ಮೂರನೇ ಪುಟ."

ಸಾಹೇಬರು ವಿನಯನನ್ನು ಕರೆದುಕೊಂಡು ಜೀಪಿನ ಹಿಂದೆ ಹೋದರು. ಅಲ್ಲೊಂದು ಉಪಾಯ ಹುಟ್ಟಿತು. ಬೀಡಿಯ ಯಂತ್ರ ಕೆಟ್ಟು ಹೋಗಿದೆ ಎಂದು ಉಳಿದ ಇಬ್ಬರು ಪಾಲಕರು ಒಪ್ಪಿದರೆ ಅದನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಬೆಳಗಾವಿಯ ಪಾಲಕರು ಸ್ವತಃ ಸಾಹೇಬರು. ಉಳಿದವನು ಮಚ್ಛೆಯ ಬಾಳಪ್ಪ. ಅವನಿಗೆ ಫೋನ್ ಹೋಯಿತು. ಎರಡು ನಿಮಿಷದಲ್ಲಿ ಸಾವಂತ್ರವ್ವನ ಫೋನ್ ಬಡಿಯಿತು. ಅವಳು ಸ್ಪೀಕರ್ ಹಾಕಿದಳು. ಅವಳ ಫೋನಿನಲ್ಲಿ ಸ್ಪೀಕರ್ ಹಾಕದಿದ್ದರೆ ಕೇಳಿಸುತ್ತಿರಲಿಲ್ಲ.

"ಅಕ್ಕಾರ, ನಾ ಬಾಳಪ್ಪ. ನಿಮ್ಮ ಮಶೀನ್ ಕೆಟ್ಟೈತಂತ, ಖರೇ ಏನು?"

"ದೀಪ ಮಿಣಕ್ಯಾಡಾಕತ್ತೈತಿ."

"ಗುಂಯ್ ಅಂತೈತಿ?"

"ಅಂತೈತಿ."

"ಸುಟ್ಟ ವಾಸನಿ?"

"ಇಲ್ಲ. ಕುಂದಾದ ವಾಸನಿ ಅಷ್ಟ."

"ಹಂಗಾರ ಕೆಟ್ಟಿಲ್ಲ. ಸಾಹೇಬ್ರಿಗೆ ಹೇಳ್ರಿ, ಲೇಥ್ ಮ್ಯಾಲೆ ಮೂವತ್ತು ವರ್ಷ ತಗದೇನಿ. ಚೊಲೋ ಮಶೀನಿಗೆ ಕೆಟ್ಟೈತಿ ಅಂದ್ರ ನಾಳಿ ನನ್ನ ಕಡೆ ಗಿರಾಕಿ ಬರೂದಿಲ್ಲ." ಮತ್ತೆ ಕೇಳಿದ, "ಅಲ್ಲಾ, ಅದರಾಗ ಏನ ಬರದಾರ್ರಿ? ನಾ ಓದಲಾರದ ಒತ್ತಾಕತ್ತಿದ್ದೆ."

"ನನಗ ಕೂಲಿ ಹೆಣ್ಣಾಳು ಒಂದು ಅಂತ ಬರದಾರ."

ಫೋನಿನಲ್ಲಿ ಲೇಥ್ ತಿರುಗುವ ಸದ್ದು ಕೇಳಿತು. ನಂತರ ಅದು ನಿಂತಿತು.

"ಹಂಗಾರ ನಂದೂ ಇಲ್ಲ ತಗೋರಿ."

ಗಂಟೆ ಎರಡೂವರೆ. ಅನುರಾಧಾ ತಣ್ಣಗೆ ತಿಳಿಸಿದಳು: ಮೂವರೂ ಒತ್ತಿದರೆ ದಾಖಲೆ ಕೂಡಲೇ ಹೋಗುತ್ತದೆ, ಒತ್ತದಿದ್ದರೂ ಗೊತ್ತುಮಾಡಿದ ನಾಲ್ಕು ಗಂಟೆಗೆ ನಲವತ್ತು ಊರಿಗೂ ಹೋಗಿಯೇ ಹೋಗುತ್ತದೆ. ಹಾಗೆ ಹೋಗುವಾಗ ತಲೆಯ ಮೇಲೆ ಒಂದು ಸಾಲು ಹೊತ್ತು ಹೋಗುತ್ತದೆ. ಬೀಡಿ ಮತ್ತು ಮಚ್ಛೆಯ ಪಾಲಕರು ಇದನ್ನು ನಿಜವೆಂದು ಒಪ್ಪಿಲ್ಲ.

ಸಾಹೇಬರು ಆ ಸಾಲನ್ನು ಮನಸ್ಸಿನಲ್ಲೇ ನಲವತ್ತು ಸಲ ಓದಿರಬೇಕು. ಕಡೆಗೆ ಹಾಲಿನ ಕ್ಯಾನಿನ ಮೇಲೆ ಕೂತರು. ಕೀಲಿಮಣೆ ಎಳೆದುಕೊಂಡರು.

"ಪೂರ್ತಿ ಹೆಸರ ಏನು?"

ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ. ಅವಳು ಅವಸರ ಮಾಡಲಿಲ್ಲ.

"ಸಾವಂತ್ರವ್ವ ಮೈಲಾರಲಿಂಗ ಕುರಿ. ಬೀಡಿ."

"ಕುರಿ ಅಡ್ಡಹೆಸರ?"

"ಹೌದ್ರಿ. ನಿಮಗ ಗೊತ್ತಿರಲಿಲ್ಲೇನು?"

ಅವರು ಬರೆದರು. ಅವಳು ಬಗ್ಗಿ, ಒಂದೊಂದೇ ಅಕ್ಷರ ಓದಿದಳು. ಅವರು "ಸಾವಿತ್ರವ್ವ" ಎಂದು ಬರೆದಿದ್ದರು. ತಿದ್ದಿಸಿದಳು.

"ಆ ಫೋಟೋದ ಕೆಳಗೂ ಬರೀರಿ. ಮನುಷ್ಯಾರ ಬೆರಳಲ್ಲ, ನನ್ನ ಬೆರಳ."

"ವಿಜ್ಞಾನದಾಗ ಅಂಥಾ—" ಎಂದು ಶುರುಮಾಡಿದವರು ಗಡಿಯಾರ ನೋಡಿದರು, ಬರೆದರು.

"ಇನ್ನೂರಾ ಹನ್ನೊಂದು?"

"ಅವಕ್ಕ ತಿದ್ದುಪಡಿ ವಿನಯ ಹಾಕ್ತಾನ."

"ಯಾವಾಗ?"

ವಿನಯ ನೆಲ ನೋಡಿದ. "ಒಂದು ವಾರ ಬೇಕಾಗ್ತದ."

"ಬೇಕಾದಷ್ಟು ತಗೋ. ಇಲ್ಲೇ ಕುಂದ್ರು. ಬೆಳಿಗ್ಗಿ ಐದಕ್ಕ ಡೇರಿ ತಗೀತಾರ. ನಾ ಓದಿ ಹೇಳ್ತೇನಿ, ನೀ ಬರಕೋ. ಛತ್ರಿ ಬ್ಯಾಡ, ಮ್ಯಾಲ ತಗಡಿನ ಪತ್ರಾ ಐತಿ."

ಮೂರೂಮುಕ್ಕಾಲಿಗೆ ಅವಳು ಹೆಬ್ಬೆಟ್ಟು ಒತ್ತಿದಳು. ಸಾಹೇಬರೂ ಒತ್ತಿದರು, ಮಚ್ಛೆಯಿಂದಲೂ ಒಪ್ಪಿಗೆ ಬಂತು. ಎಲ್ಲಿಯವೋ ನಲವತ್ತು ಯಂತ್ರಗಳು, ಆ ಊರುಗಳ ಹೆಸರು ಅವಳ ಬಾಯಲ್ಲಿ ತಿರುಗದವು, ಅವಳ ಹೆಸರನ್ನು ಇಟ್ಟುಕೊಂಡವು. ಅವರ ಬಾಯಲ್ಲೂ ಅದು ತಿರುಗಿರಲಿಕ್ಕಿಲ್ಲ ಎಂದು ಮೈಲಾರಲಿಂಗ ಹೇಳಿದ.

ಕೆಲಸ ಬಿಡಿಸುವ ಮಾತನ್ನು ಸಾಹೇಬರು ಮತ್ತೆ ಎತ್ತಲಿಲ್ಲ. ಎತ್ತಿದರೆ ಗಿಡ ಕಂಡವರನ್ನೇ ಹೊರಗೆ ಹಾಕಿದ ಕೇಂದ್ರ ಎಂದು ನಲವತ್ತು ಊರಲ್ಲಿ ಸುದ್ದಿ ಆಗುತ್ತಿತ್ತು. ಮರುದಿನದಿಂದ ವಿನಯ ಹಾಲಿನ ಕ್ಯಾನಿನ ಮೇಲೆ ಕೂತು ಬರೆಯತೊಡಗಿದ. ಮೂರನೇ ದಿನಕ್ಕೆ ಅವನ ಸೊಂಟ ಹಿಡಿಯಿತು. ಸಾವಂತ್ರವ್ವ ನೀಲಗಿರಿ ಎಣ್ಣೆ ತಂದುಕೊಟ್ಟಳು. "ದಿನಾ ಬಗ್ಗಿದ್ರ ರೂಢಿ ಆಕ್ಕೈತಿ," ಎಂದಳು.

ನೂರಾ ನಾಲ್ಕನೆಯ ದಾಖಲೆ ಓದುತ್ತಿದ್ದಾಗ ಬಾಳಪ್ಪನ ಫೋನ್ ಬಂತು.

"ಅಕ್ಕಾರ, ಹೊಸಾದೊಂದು ಬಂದೈತಿ ನೋಡ್ರಿ. ಖಾನಾಪುರದ ಕಡೆ ಹೊಳಿಯೊಳಗಿನ ಮೀನಿಂದು. ಕಂಡವರು ಅನ್ನೂದರಾಗ ಒಬ್ಬ ಪ್ರೊಫೆಸರ್ ಅದಾರ. ಕೆಳಗ, ಬಲಿ ಎಳೆದ ಆಳು, ನಾಕು. ಒತ್ತಲೋ, ಬ್ಯಾಡೋ?"

ಸಾವಂತ್ರವ್ವ ಬಟ್ಟೆ ಇಲ್ಲದ ಪರದೆಯನ್ನು ತನ್ನ ಕಡೆ ತಿರುಗಿಸಿದಳು. ಇಲ್ಲೂ ಹಸಿರು ದೀಪ ಮಿಣುಕುತ್ತಿತ್ತು.

"ಆ ಪ್ರೊಫೆಸರ್‌ಗೆ ನಾಕೂ ಮಂದಿ ಹೆಸರ ಕೇಳಿ ಕಳಸು," ಎಂದಳು. "ಬರೂತನಾ ಚಾ ಕುಡದು ಕುಂದ್ರು."